ಮಲೇರಿಯಾಕ್ಕೆ ಮಾತ್ರೆ ಇದೆಯಲ್ಲ, ಹೊಸ ಔಷಧ ಯಾಕೆ ಹುಡುಕುತ್ತಾರೆ?

ಇರುವ ಮಾತ್ರೆಗಳು ಸೋಲುತ್ತಾ ಬಂದಿವೆ, ಅದಕ್ಕೇ. 1950ರ ದಶಕದ ಕೊನೆಗೇ ಮಲೇರಿಯಾ ತರುವ ಫಾಲ್ಸಿಪ್ಯಾರಮ್ ಎಂಬ ರೋಗಾಣು ಕ್ಲೋರೋಕ್ವಿನ್ ಮಾತ್ರೆಗೆ ಬಗ್ಗದೆ ಹೋಯಿತು. ಆಮೇಲೆ ಚೀನಾದ ವಿಜ್ಞಾನಿ ತು ಯೂಯೂ ಒಂದು ಗಿಡದಿಂದ ಆರ್ಟಿಮಿಸಿನಿನ್ ಎಂಬ ಔಷಧ ತೆಗೆದರು, 2015ರಲ್ಲಿ ನೊಬೆಲ್ ಬಂತು. ಈಗ ಕಾಂಬೋಡಿಯಾ, ರುವಾಂಡಾ ಕಡೆ ಅದರ ಕೆಲಸವೂ ನಿಧಾನವಾಗಿದೆ.

ವೈವ್ಯಾಕ್ಸ್ ಎಂಬ ಇನ್ನೊಂದು ರೋಗಾಣುವಿನ ಮಲೇರಿಯಾದ ತಾಪತ್ರಯವೇ ಬೇರೆ. ರೋಗಾಣು ಲಿವರ್‌ನಲ್ಲಿ ಅಡಗಿ ಕೂತು, ತಿಂಗಳುಗಳ ನಂತರ ಮತ್ತೆ ಜ್ವರ ತರುತ್ತದೆ. ಅದಕ್ಕೆ ಪ್ರೈಮಾಕ್ವಿನ್ 14 ದಿನ ನುಂಗಬೇಕು. ಬಾಗಲಕೋಟೆಯ ನಮ್ಮ ಕಾಕಾ ಜ್ವರ ಬಿಟ್ಟಿತೆಂದು ನಾಲ್ಕನೇ ದಿನಕ್ಕೇ ನಿಲ್ಲಿಸಿದ್ದರು. ಉಳಿದ ಮಾತ್ರೆ ಗೋಡೆಯ ಮಾಡದಲ್ಲೇ ಇತ್ತು, ಚಳಿಜ್ವರ ಮಾತ್ರ ತಿರುಗಿ ಬಂತು. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟಾಫೆನೋಕ್ವಿನ್ ಒಂದೇ ಡೋಸ್. ಆದರೆ ಅದು ಮೈಯಲ್ಲಿ ವಾರಗಟ್ಟಲೆ ಉಳಿಯುತ್ತದೆ, ತೊಂದರೆಯಾದರೆ ನಡುವೆ ನಿಲ್ಲಿಸಲಾಗದು. ರಕ್ತಕಣವನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವ ಕಡಿಮೆ ಇದ್ದವರಿಗೆ ರಕ್ತಕಣ ಒಡೆಯಬಹುದು, ಮೊದಲು ರಕ್ತ ಪರೀಕ್ಷೆ ಮಾಡಿಸಲೇಬೇಕು.