ಇಬ್ಬರೂ ಒಪ್ಪಿದರೆ ಸಾಕಾ?

ದೊಡ್ಡವರಿಬ್ಬರು ಒಪ್ಪಿ ಮಾಡಿದ್ದನ್ನು ಮೂರನೆಯವರು ತಪ್ಪು ಅನ್ನಬಹುದೇ ಅಂತ ಕೇಳಿದ್ದೀರಿ. ಅನ್ನಬಹುದು. ಒಪ್ಪಿಗೆ ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಇದ್ದರೂ ಕೇಳಬೇಕಾದ್ದು ಉಳಿದಿರುತ್ತದೆ.

ಮುಳುಗುತ್ತಿರುವ ಹಡಗಿನ ಕ್ಯಾಪ್ಟನ್‌ನನ್ನೇ ನೋಡಿ. ಕಾಪಾಡಲು ಬಂದವನು ಬಾಯಿಗೆ ಬಂದ ರೇಟು ಹೇಳುತ್ತಾನೆ, ಇವನು ಹೂಂ ಅನ್ನುತ್ತಾನೆ. ಸುಳ್ಳಿಲ್ಲ, ಬೆದರಿಕೆಯಿಲ್ಲ. ಆದರೂ ಹಡಗು ರಕ್ಷಣೆಯ 1989ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ, ಅಪಾಯದ ಒತ್ತಡದಲ್ಲಿ ಒಪ್ಪಿದ ಷರತ್ತು ನ್ಯಾಯವಾಗಿಲ್ಲದಿದ್ದರೆ ಅದನ್ನು ರದ್ದು ಮಾಡಬಹುದು, ಬದಲಿಸಲೂಬಹುದು. ಬೇರೆ ದಾರಿಯೇ ಇಲ್ಲದವನ ಹೂಂಗೆ ಎಷ್ಟು ಬೆಲೆ, ಅಲ್ವಾ?

ಜೀತವೂ ಹಾಗೇ. ಸಾಲಗಾರ ತಾನಾಗಿ ತನ್ನ ದುಡಿಮೆಯನ್ನು ಒತ್ತೆ ಇಟ್ಟಿದ್ದರೂ, ದುಡಿದದ್ದು ನ್ಯಾಯವಾಗಿ ಸಾಲಕ್ಕೆ ಜಮಾ ಆಗದಿದ್ದರೆ ಅದು ಜೀತವೇ ಅನ್ನುತ್ತದೆ ವಿಶ್ವಸಂಸ್ಥೆಯ 1956ರ ಒಪ್ಪಂದ.

ಸಂಬಂಧಗಳಲ್ಲಿ ಇದು ಇನ್ನೂ ನಾಜೂಕು. ಬಡ್ತಿಗೆ ಸಹಿ ಹಾಕುವ ಬಾಸ್ ಊಟಕ್ಕೆ ಕರೆದಾಗ ಬರುವ "ಆಯ್ತು ಸರ್" ಇಷ್ಟವೋ ಭಯವೋ, ಕೆಲವೊಮ್ಮೆ ಹೇಳಿದವರಿಗೇ ಗೊತ್ತಿರುವುದಿಲ್ಲ. ನಾನು ಮುಖ್ಯವಾಗಿ ಕೇಳಿಕೊಳ್ಳುವುದು, ನಾಳೆ ಬೇಡ ಅಂದರೆ ಏನಾಗುತ್ತದೆ ಅಂತ. ಸುಮ್ನೆ ಬೇಜಾರಾದರೆ ಸರಿ. ಕೆಲಸವೋ ತಲೆಮೇಲಿನ ಸೂರೋ ಹೋಗುವಂತಿದ್ದರೆ, ಮೊದಲು ಕೊಟ್ಟ ಒಪ್ಪಿಗೆ ಜಾಸ್ತಿ ಏನನ್ನೂ ಸಾಬೀತು ಮಾಡುವುದಿಲ್ಲ.

ಹಾಗಂತ ನೋಡುವವರಿಗೆ ಹಿಡಿಸಲಿಲ್ಲ ಅನ್ನುವುದು ಕಾರಣವಲ್ಲ. ಯಾರಿಗೆ, ಏನು ನಷ್ಟ ಅಂತ ಅವರು ತೋರಿಸಬೇಕು.