ಸೊಂಟದ ಕೀಲು ಕೂರಿಸಿದ ಮೇಲೂ ನೋವು: ಆರ್ಥ್ರೋಸ್ಕೋಪಿ ಬೇಕಾ?

ಕಾರು ಅಪಘಾತದಲ್ಲಿ ತಮ್ಮನ ಸೊಂಟದ ಕೀಲು ತಪ್ಪಿ, ಕೂರಿಸಿ ಎರಡು ತಿಂಗಳಾದರೂ ನಡೆಯುವಾಗ ಒಳಗೇನೋ ಸಿಕ್ಕಿಕೊಂಡ ಹಾಗಾಗುತ್ತದೆ, ಎಕ್ಸ್‌ರೇ ಸರಿಯಿದೆ, ಆದರೂ ಆರ್ಥ್ರೋಸ್ಕೋಪಿ (ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ಕೀಲಿನೊಳಗೆ ಮಾಡುವ ಆಪರೇಷನ್) ಬೇಕಾ ಎಂದು ಕೇಳಿದ್ದೀರಿ. ಎಕ್ಸ್‌ರೇ ಒಂದನ್ನೇ ನಂಬಿ ಸುಮ್ನೆ ಕೂರಬೇಡಿ. ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿದು ತೊಡೆಮೂಳೆಯ ಗುಂಡು ಹಿಂದಕ್ಕೆ ಜಾರುವಾಗ ಮೂಳೆಯ, ಕಾರ್ಟಿಲೇಜಿನ (ಕೀಲಿನಲ್ಲಿ ಮೂಳೆಯ ಮೇಲಿರುವ ನುಣುಪಾದ ಪದರ) ಚೂರುಗಳು ಕಿತ್ತು ಕೀಲಿನೊಳಗೇ ಉಳಿಯಬಹುದು, ಆ ಗುಂಡು ಕೂರುವ ಗುಳಿಯ ಅಂಚಿನ ಲೇಬ್ರಮ್ ಎಂಬ ಮೆತ್ತನೆಯ ಉಂಗುರ ಹರಿದಿರಬಹುದು. ಕಾರ್ಟಿಲೇಜ್ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ! ಸಿಟಿ, ಎಂಆರ್‌ಐ ಬಗ್ಗೆ ಡಾಕ್ಟರನ್ನು ಕೇಳಿ.

ಚೂರು ಇದ್ದರೆ ತೆಗೆಸುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ, ಬಿಟ್ಟರೆ ಅದು ಕೀಲನ್ನು ಉಜ್ಜಿ ಉಜ್ಜಿ ಸವೆಸುತ್ತದೆ. ಆರ್ಥ್ರೋಸ್ಕೋಪಿಯಲ್ಲಿ ಎರಡು ಮೂರು ಸಣ್ಣ ತೂತುಗಳಿಂದಲೇ ಚೂರು ತೆಗೆದು ಲೇಬ್ರಮ್ ಹೊಲಿಯಬಹುದು. ಗುಳಿಯ ಮೂಳೆ ಮುರಿದಿತ್ತಾ ಎಂದು ಸರ್ಜನ್ ಹತ್ತಿರ ಮರೆಯದೆ ಕೇಳಿ. ಮುರಿತ ಕೂಡಿರದಿದ್ದರೆ ಆಪರೇಷನ್ ವೇಳೆ ಒಳಗೆ ಬಿಡುವ ನೀರು ಹೊಟ್ಟೆಯ ಕಡೆ ನುಗ್ಗುವ ಅಪಾಯವಿದೆ.

ಒಂದು ಮಾತ್ರ ತಿಳಿದಿರಲಿ, ರಕ್ತ ಸಿಗದೆ ಗುಂಡಿನ ಮೂಳೆ ಸಾಯುವ ತೊಂದರೆಯನ್ನು, ಎವಿಎನ್ ಅಂತಾರಲ್ವಾ, ಈ ಆಪರೇಷನ್ ತಡೆಯುವುದಿಲ್ಲ. 6 ಗಂಟೆಯೊಳಗೆ ಕೀಲು ಕೂರಿಸಿದ್ದರೆ ಆ ಭಯ ಕಡಿಮೆ. ಆದರೂ 2 ವರ್ಷದವರೆಗಾದರೂ ಚೆಕಪ್ ತಪ್ಪಿಸಬೇಡಿ, ತೊಡೆಸಂದಿನಲ್ಲಿ ನೋವು ಜಾಸ್ತಿಯಾದರೆ ತಡಮಾಡದೆ ತೋರಿಸಿ.