47ನೇ ರೆಫರೆನ್ಸ್

ಪೇಪರ್ ಬರೆದು ಮುಗಿಸಿ, ಜರ್ನಲ್‌ಗೆ ಕಳಿಸಲಾಗದೆ ಕೂತವರು ಆಪ್ತಸಲಹೆಗೆಂದು ನನ್ನ ಬಳಿ ಆಗಾಗ ಬರುತ್ತಾರೆ. ಯಾಕೆ ಕಳಿಸಿಲ್ಲ ಎಂದರೆ ಬಹುಪಾಲು ಒಂದೇ ಉತ್ತರ: "ರೆಫರೆನ್ಸ್ ಸರಿ ಮಾಡ್ತಾ ಇದೀನಿ." ರೆಫರೆನ್ಸ್ ಅಂದರೆ ಪೇಪರ್ ಆಧರಿಸಿದ ಬರಹಗಳ ಪಟ್ಟಿ. ಈ ಉತ್ತರಕ್ಕೆ ಯಾರೂ ಅನುಮಾನ ಪಡುವುದಿಲ್ಲ. ಗೈಡ್ ಸುಮ್ಮನಾಗುತ್ತಾರೆ, ಮನೆಯವರೂ ಸುಮ್ಮನಾಗುತ್ತಾರೆ. ಅದಕ್ಕೇ ಈ ಒಂದು ಪ್ರಕರಣ ಬರೆಯುತ್ತಿದ್ದೇನೆ. ಆಕೆಯ ಒಪ್ಪಿಗೆ ಇದೆ, ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿದ್ದೇನೆ.

ಆಕೆ ಪಿಎಚ್‌ಡಿಯ ಕೊನೆಯ ಹಂತದಲ್ಲಿದ್ದರು. ಮೊದಲು ಕಳಿಸಿದ ಜರ್ನಲ್, ವಿಷಯ ನಮ್ಮ ವ್ಯಾಪ್ತಿಯದ್ದಲ್ಲ ಎಂದು ಪೇಪರ್ ವಾಪಸ್ ಮಾಡಿತ್ತು. ಅಲ್ಲಿ ಬೇಕಿದ್ದದ್ದು ರೆಫರೆನ್ಸ್ ಕೊಡುವ ಎಪಿಎ ಶೈಲಿ. ಅಂದರೆ ವಾಕ್ಯದೊಳಗೇ ಲೇಖಕರ ಹೆಸರು, ವರ್ಷ. ಎರಡನೆಯ ಜರ್ನಲ್ ಕೇಳಿದ್ದು ವ್ಯಾಂಕೂವರ್. ಅಲ್ಲಿ ಬರೀ ಸಂಖ್ಯೆ, ಪೇಪರಿನಲ್ಲಿ ಮೊದಲು ಬಂದದ್ದು 1. ಒಂದರಿಂದ ಇನ್ನೊಂದಕ್ಕೆ ಬದಲಿಸಲು ಕೂತವರು ಮೇಲೆ ಎದ್ದೇ ಇರಲಿಲ್ಲ. ನಿದ್ದೆ ಕೆಟ್ಟಿತ್ತು. ಗೈಡ್ ಫೋನ್ ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತು. "ನಂಗೆ ಒಸಿಡಿ ಇರಬಹುದಾ ಮೇಡಂ?" ಎಂದು ಮೊದಲ ದಿನವೇ ಕೇಳಿದರು. ಬೇಡದ ಯೋಚನೆ ಕಾಡಿ, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವ ಮಾನಸಿಕ ತೊಂದರೆ ಅದು. ಮತ್ತೆ ಮತ್ತೆ ಪರೀಕ್ಷಿಸುವುದು ಈ ಪಟ್ಟಿಗೆ ಬಿಟ್ಟರೆ ಬದುಕಿನ ಇನ್ಯಾವ ಕಡೆಯೂ ಇರಲಿಲ್ಲ. ಹಾಗಾಗಿ ಆ ಹೆಸರು ಅಂಟಿಸುವ ಆತುರ ನನಗಿರಲಿಲ್ಲ. ಮುಂದಿನ ಸಲ ಲ್ಯಾಪ್‌ಟಾಪ್ ತನ್ನಿ ಎಂದೆ.

ತಂದರು. ಪಟ್ಟಿ ತೆರೆದು ತೋರಿಸತೊಡಗಿದರು. "ನೋಡಿ ಮೇಡಂ, ವರ್ಷ ಆದ್ಮೇಲೆ ಸೆಮಿಕೋಲನ್, ಆಮೇಲೆ ಸಂಪುಟ, ಕಂಸದಲ್ಲಿ ಸಂಚಿಕೆ, ಕೋಲನ್, ಪುಟ. ಮಧ್ಯದಲ್ಲಿ ಎಲ್ಲೂ ಜಾಗ ಬಿಡೋ ಹಾಗಿಲ್ಲ. 115ರಿಂದ 128 ಅಂತ ಪುಟ ಇದ್ರೆ 115-28 ಅಂತ ಬರೀಬೇಕು. ಲೇಖಕರು ಆರಕ್ಕಿಂತ ಜಾಸ್ತಿ ಇದ್ರೆ ಆರು ಹೆಸರು ಕೊಟ್ಟು 'ಎಟ್ ಆಲ್', ಅಂದ್ರೆ ಮತ್ತಿತರರು." ಇದನ್ನೆಲ್ಲ ಹೇಳುವಾಗ ದನಿ ಗಟ್ಟಿಯಾಗಿತ್ತು. ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ನಿಲ್ಲುತ್ತಿದ್ದರು. ಒಂದು ಕಡೆ ಮಾತ್ರ ಬೆರಳು ನಿಲ್ಲದೆ ಸರಿದು ಹೋಯಿತು.

"47 ಬಿಟ್ರಲ್ಲ?"

"ಅದು ಸರಿ ಇದೆ ಮೇಡಂ."

"ಇರಲಿ. ಆ ಪೇಪರ್ ಏನು ಹೇಳುತ್ತೆ?"

ಆಕೆ ಪರದೆಯನ್ನೇ ನೋಡುತ್ತಾ ಕೂತರು. ಆಮೇಲೆ, "ಓದಿಲ್ಲ," ಎಂದರು. "ಸಾರಾಂಶ ನೋಡಿದೀನಿ. ಅದೂ ಪೂರ್ತಿ ಅಲ್ಲ. 'ಇದೊಂದು ಹಾಕಿಬಿಡಮ್ಮ, ಎಲ್ಲರೂ ಹಾಕ್ತಾರೆ' ಅಂದ್ರು ಸರ್. ಹಾಕಿದೆ."

"ತೆಗೆದುಬಿಡಬಹುದಿತ್ತಲ್ವಾ?"

"ತೆಗೆದ್ರೆ 48 ಬಂದು 47 ಆಗುತ್ತೆ. ಅಲ್ಲಿಂದಾಚೆ ಎಲ್ಲ ಬದಲಾಗಬೇಕು. ಎಲ್ಲಾ ಕೈಯಲ್ಲೇ ಟೈಪ್ ಮಾಡಿದೀನಿ." ಇಷ್ಟು ಹೇಳಿ ತಡೆದರು. "ಅದೊಂದೇ ಅಲ್ಲ ಮೇಡಂ, ಇನ್ನೂ ಇವೆ. ಕಾಮಾ, ಚುಕ್ಕಿ ಎಲ್ಲ ಸರಿ ಇದ್ರೆ ಪೇಪರ್ ಪರಿಶೀಲಿಸೋ ರಿವ್ಯೂವರ್ ಅಲ್ಲಿ ತಡಕಲ್ಲ ಅನ್ಕೊಂಡೆ."

ಅಲ್ಲಿಯವರೆಗೆ ಇದು ಅತಿಯಾದ ಅಚ್ಚುಕಟ್ಟಿನ ಸಮಸ್ಯೆಯಂತೆ ಕಾಣುತ್ತಿತ್ತು. ಈ ಮಾತಿನ ನಂತರ ಹಾಗೆ ನೋಡಲು ಆಗಲಿಲ್ಲ. ಆಕೆಯ ಭಯಕ್ಕೆ ಕಾರಣವಿತ್ತು. ಓದದ ಪೇಪರನ್ನು ಓದಿದಂತೆ ತೋರಿಸಿದ್ದು ಆಕೆಗೆ ಚುಚ್ಚುತ್ತಿತ್ತು, ಮತ್ತು ಚುಚ್ಚಬೇಕಾದದ್ದೇ.

ಅಂದಿನಿಂದ ಫಾರ್ಮ್ಯಾಟಿಂಗ್ ಪೂರ್ತಿ ನಿಲ್ಲಿಸಿ ಎಂದೆ. ಓದದೆ ಸೇರಿಸಿದ್ದನ್ನು ಮಾತ್ರ ಬೇರೆ ಹಾಳೆಯಲ್ಲಿ ಬರೆಯಲಿ. ಸಿಕ್ಕುವುದನ್ನು ತರಿಸಿ ಓದಲಿ, ಕನಿಷ್ಠ ತಾನು ಆಧರಿಸಿದ ಭಾಗವನ್ನಾದರೂ. ಮೂಲ ಸಿಗದಿದ್ದರೆ, ಯಾವ ಪೇಪರಿನಲ್ಲಿ ಅದರ ಬಗ್ಗೆ ಓದಿದರೋ ಆ ಪೇಪರಿನ ಮೂಲಕ ತಿಳಿದದ್ದು ಎಂದು ವಾಕ್ಯದಲ್ಲೇ ಒಪ್ಪಿಕೊಂಡು, ಅದನ್ನೇ ಪಟ್ಟಿಗೆ ಹಾಕಲಿ. ವಾದಕ್ಕೆ ಬೇಕೇ ಇಲ್ಲದ್ದನ್ನು ಕಿತ್ತು ಹಾಕಲಿ. ಸಂಖ್ಯೆ ಬದಲಾಗುತ್ತದೆ ಎಂಬುದು ನಿಜವಾದ ಕಷ್ಟ, ಆದರೆ ಅದಕ್ಕೆ ಜೊಟೆರೊದಂಥ ಉಚಿತ ಸಾಫ್ಟ್‌ವೇರ್ ಇದೆ. ಅದರ ಮೂಲಕ ಸಂಖ್ಯೆ ಹಾಕಿದರೆ ಒಂದನ್ನು ತೆಗೆದಾಗ ಉಳಿದವು ತಾವೇ ಜರುಗುತ್ತವೆ, ಶೈಲಿಯನ್ನೂ ಒಂದೇ ಸಲಕ್ಕೆ ಬದಲಿಸಬಹುದು. ಹೆಸರು, ಪುಟ ತಪ್ಪಾಗಿ ಬಂದಿದ್ದರೆ ಅದನ್ನು ಮಾತ್ರ ಕಣ್ಣಾರೆ ನೋಡಲೇಬೇಕು. ಆ ಕೆಲಸ ಕೊನೆಗೆ, ಒಂದೇ ಬೈಠಕ್ಕಿನಲ್ಲಿ. ಇನ್ನೊಂದು, ಲೇಖಕರಿಗೆ ಜರ್ನಲ್ ಕೊಟ್ಟಿರುವ ಸೂಚನೆಗಳನ್ನು ಪೂರ್ತಿ ಓದಿ. ಮೊದಲ ಸಲ ಕಳಿಸುವಾಗ ಯಾವ ಶೈಲಿಯಾದರೂ ಸರಿ, ಎಲ್ಲ ಕಡೆ ಒಂದೇ ಥರ ಇರಲಿ ಎನ್ನುವ ಜರ್ನಲ್‌ಗಳು ಈಗ ಸಾಕಷ್ಟಿವೆ.

"ಇದು ಆಪ್ತಸಲಹೆಯೋ, ಲೈಬ್ರರಿ ತರಬೇತಿಯೋ?" ಎಂದು ಜೊತೆಗೆ ಕೆಲಸ ಮಾಡುವವರೊಬ್ಬರು ಕೇಳಿದರು. ಕೇಳಲಿ. ಉಸಿರಾಟದ ಅಭ್ಯಾಸ ಕಲಿಸಿ, ಎಲ್ಲವೂ ಪರಿಪೂರ್ಣ ಇರಬೇಕಿಲ್ಲ ಎಂದು ಬೆನ್ನು ತಟ್ಟಿ ಕಳಿಸಿದ್ದರೆ, ಆಕೆ ನೆಮ್ಮದಿಯಾಗಿ ಅದೇ ಪೇಪರ್ ಕಳಿಸುತ್ತಿದ್ದರು. 47 ಅಲ್ಲೇ ಇರುತ್ತಿತ್ತು. ಕಾರಣವಿಲ್ಲದ ಭಯಕ್ಕೆ ಭಯದ ಮೇಲೆ ಕೆಲಸ ಮಾಡಬೇಕು. ಕಾರಣವಿದ್ದರೆ ಆ ಕಾರಣವನ್ನೇ ಹಿಡಿಯಬೇಕು. ಈ ವಿಷಯದಲ್ಲಿ ನಾನು ಹಟಮಾರಿ.

ಆಕೆಗೆ ಇದಕ್ಕಿಂತ ಕಷ್ಟವಾದದ್ದು ಗೈಡ್. "ಸರ್‌ಗೆ ಏನಂತ ಹೇಳ್ಲಿ? ನೀವೇ ಹಾಕಿಸಿದ್ರಿ ಅಂತ ಹೇಳೋಕಾಗುತ್ತಾ?" ಹಾಗೆ ಹೇಳುವುದು ಬೇಡ ಎಂದೆ. ಓದಿದ ಮೇಲೆ ಹೇಳಲು ಬೇರೆ ಮಾತೇ ಸಿಗುತ್ತದೆ. ಸಿಕ್ಕಿತು ಕೂಡ. ಆ ಪೇಪರ್ ಎರಡು ಸಂಗತಿಗಳು ಜೊತೆಜೊತೆಗೆ ಕಂಡುಬರುತ್ತವೆ ಎಂದಷ್ಟೇ ಹೇಳಿತ್ತು. ಆಕೆಯ ಪೇಪರಿನ ವಾಕ್ಯದಲ್ಲಿ ಒಂದು ಇನ್ನೊಂದಕ್ಕೆ ಕಾರಣ ಎಂದಾಗಿತ್ತು. ಒಬ್ಬರ ಪಟ್ಟಿಯಿಂದ ಇನ್ನೊಬ್ಬರು ಎತ್ತಿಕೊಳ್ಳುತ್ತಾ ಬಂದಾಗ ಮಾತು ಹೀಗೆ ಊದಿಕೊಳ್ಳುತ್ತದೆ. "ಸರ್, 47 ಓದಿದೆ. ನಾವು ಬರೆದಷ್ಟು ಅದರಲ್ಲಿಲ್ಲ. ವಾಕ್ಯ ಬದಲಿಸ್ತೀನಿ," ಎಂದು ಹೇಳಲು ಇಬ್ಬರೂ ಕೂತು ಅಭ್ಯಾಸ ಮಾಡಿದೆವು. ಗೈಡ್ "ಸರಿ" ಎಂದರಂತೆ, ಅಷ್ಟೇ. ಸಹಲೇಖಕರಾಗಿ ಅವರ ಹೆಸರೂ ಅದರ ಮೇಲೆ ಇದೆ ತಾನೆ?

ಇತ್ತೀಚೆಗೆ ಇದೇ ಕಥೆ ಬೇರೆ ರೂಪದಲ್ಲಿ ಬರುತ್ತಿದೆ. ಎಐ ಚಾಟ್‌ಬಾಟ್ ಕೊಟ್ಟ ರೆಫರೆನ್ಸ್‌ನಲ್ಲಿ ಹೆಸರು, ವರ್ಷ, ಸೆಮಿಕೋಲನ್ ಎಲ್ಲ ಪಕ್ಕಾ, ಡಿಒಐ, ಅಂದರೆ ಪೇಪರಿನ ಆನ್‌ಲೈನ್ ಗುರುತು ಸಂಖ್ಯೆ ಕೂಡ ಇರುತ್ತದೆ. ಅಂಥ ಪೇಪರೇ ಇರುವುದಿಲ್ಲ. ಡಿಒಐ ಹಾಕಿ ತೆರೆದು ನೋಡಿ, ಕೆಲವೊಮ್ಮೆ ಇನ್ಯಾವುದೋ ಪೇಪರ್ ಬರುತ್ತದೆ. ಶೀರ್ಷಿಕೆಯನ್ನು, ಡಿಒಐ ನೋಂದಾಯಿಸುವ ಸಂಸ್ಥೆಯಾದ ಕ್ರಾಸ್‌ರೆಫ್‌ನಲ್ಲಿ ಹುಡುಕಿ. ಹಿಂತೆಗೆದುಕೊಂಡ ಪೇಪರ್‌ಗಳ ರಿಟ್ರಾಕ್ಷನ್ ವಾಚ್ ಪಟ್ಟಿಯನ್ನು 2023ರಲ್ಲಿ ಕ್ರಾಸ್‌ರೆಫ್ ಕೊಂಡು ಎಲ್ಲರಿಗೂ ಮುಕ್ತ ಮಾಡಿದೆ, ಅದನ್ನೂ ಒಮ್ಮೆ ನೋಡಿ. ಇದಕ್ಕೆಲ್ಲ ಹಿಡಿಯುವ ಸಮಯ, ಕಾಮಾ ತಿದ್ದುವುದಕ್ಕೆ ಸುರಿಯುವ ಸಮಯಕ್ಕಿಂತ ಕಡಿಮೆಯೇ.

ಆಕೆ ಪೇಪರ್ ಕಳಿಸಿದ್ದಾರೆ. ರಿವ್ಯೂವರ್‌ಗಳು ವಿಶ್ಲೇಷಣೆಯ ಬಗ್ಗೆ ಗಟ್ಟಿ ಪ್ರಶ್ನೆಗಳನ್ನೇ ಕೇಳಿದ್ದಾರೆ, ಅವುಗಳಿಗೆ ಉತ್ತರ ಬರೆಯುತ್ತಿದ್ದಾರೆ. ಈಗಲೂ ಬರುತ್ತಾರೆ. ರೆಫರೆನ್ಸ್ ಮಾತು ಬರುವುದಿಲ್ಲ. ಒಂದು ಪ್ರಶ್ನೆಗೆ ಗೈಡ್ ಸೂಚಿಸಿದ ಉತ್ತರ ಆಕೆಗೆ ಒಪ್ಪಿಗೆಯಿಲ್ಲ, ಅದನ್ನು ಹೇಗೆ ಹೇಳುವುದು ಎಂಬುದರ ಮೇಲೆ ಕೂತಿದ್ದೇವೆ.